ಹನ್ನೊಂದು ಮಂದಿ ಸಹಪ್ರಯಾಣಿಕರು

ಪ್ರಯಾಣದ ಸುಖದುಃಖಗಳೆಲ್ಲ ಜೊತೆಗಾರರನ್ನು ಅವಲಂಬಿಸಿರುತ್ತವೆಂದು ಬಲ್ಲವರು ಹೇಳುತ್ತಾರೆ. ರೈಲಿನಲ್ಲಿ ಪಕ್ಕದವರು ಗೊರಕೆ ಹೊಡೆಯಬಾರದು. ಬಸ್ಸಿನಲ್ಲಿ ಮುಂದಿನ ಸೀಟಿನ ಮಗುವಿಗೆ ವಾಂತಿಯಾಗಬಾರದು. ಕಾರಿನಲ್ಲಿ ಹಿಂದೆ ಕುಳಿತವರು ಓಡಿಸುವವನಿಗೆ ದಾರಿ ಹೇಳಿಕೊಡಬಾರದು. ಈ ದೋಷಗಳಾವುವೂ ಇಲ್ಲದ ಜೊತೆಗಾರರು ದೊರೆಯುವುದು ಪೂರ್ವಜನ್ಮದ ಸುಕೃತವೇ ಸರಿ. ಅಂತಹ ಹನ್ನೊಂದು ಮಂದಿ ನನಗೆ ಒಮ್ಮೆ ದೊರೆತರು. ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಅವರು ಒಂದು ಮಾತನ್ನೂ ಆಡಲಿಲ್ಲ, ಕಾಫಿ ಕೇಳಲಿಲ್ಲ, ಕಿಟಕಿಯ ಪಕ್ಕದ ಜಾಗಕ್ಕಾಗಿ ಜಗಳವಾಡಲಿಲ್ಲ. ಎಲ್ಲರ ವಯಸ್ಸೂ ಐದೇ ದಿನ. ಜಾತಿ, ನಾಗರಹಾವು.

ಓದುಗರು ಗಾಬರಿಯಾಗಬಾರದು. ನಾನು ಹಾವಾಡಿಗನಲ್ಲ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತನಾಗಿ, ಚಾಮರಾಜನಗರದಲ್ಲಿ ನೆಮ್ಮದಿಯಾಗಿ ಕುಳಿತಿರುವ ಮೇಷ್ಟ್ರು. ಹಾವಿನ ಸಹವಾಸವನ್ನು ನಾನಾಗಿ ಬಯಸಿದವನೂ ಅಲ್ಲ. ಆದರೆ ಹಳೆಯ ಶಿಷ್ಯರೆಂಬವರು ಇರುತ್ತಾರಲ್ಲ, ಅವರು ಯಾವ ವೇಷದಲ್ಲಿ ಬಂದು ಬಾಗಿಲು ತಟ್ಟುವರೋ ಯಾರೂ ಹೇಳಲಾರರು. ನನ್ನ ಶಿಷ್ಯನೊಬ್ಬ ಹಾವು ಹಿಡಿಯುವವನಾದ. ಹಗಲು ಅಂಗಡಿಯಲ್ಲಿ ಕೆಲಸ. ಯಾರಾದರೂ ದೂರವಾಣಿಯಲ್ಲಿ ಕರೆದರೆ ಸ್ಕೂಟರನ್ನೇರಿ ಓಡುವನು. ಬಚ್ಚಲು, ಅಡಿಗೆಮನೆ, ಗೊಬ್ಬರದ ಗುಂಡಿ, ಎಲ್ಲಿದ್ದರೂ ಹಾವನ್ನು ಉಪಾಯವಾಗಿ ಹಿಡಿದು, ಅರಣ್ಯ ಇಲಾಖೆಯವರಿಗೆ ತಿಳಿಸಿ, ದೂರಕ್ಕೆ ಬಿಟ್ಟು ಬರುವನು. ಲೆಕ್ಕದಲ್ಲಿ ಮಾತ್ರ ಅವನು ಎಂದೂ ಮೂವತ್ತೈದನ್ನು ದಾಟಿದವನಲ್ಲ.

ಹಾವುಗಳ ಪ್ರಯಾಣವೇನೂ ನಮ್ಮ ನಾಡಿಗೆ ಹೊಸದಲ್ಲ. ನಾನು ಹುಡುಗನಾಗಿದ್ದಾಗ ಅವು ಹಾವಾಡಿಗನ ಹೆಗಲಿನ ಬುಟ್ಟಿಯಲ್ಲಿ ಊರೂರು ತಿರುಗುತ್ತಿದ್ದುವು. ಸಂತೆಯ ದಿನ ಪುಂಗಿಯ ಸದ್ದು ಕೇಳಿಸಿತೆಂದರೆ ನಮಗೆ ಶಾಲೆ ಮರೆತುಹೋಗುತ್ತಿತ್ತು. ಆ ಬುಟ್ಟಿಯೊಳಗಿನ ಪ್ರಾಣಿಯ ವಿಷದ ಹಲ್ಲು ಕಿತ್ತಿರುವರೆಂದೂ, ಹಾಲು ಕುಡಿಯಲೆಂದು ಅದನ್ನು ದಿನಗಟ್ಟಲೆ ನೀರಿಲ್ಲದೆ ಒಣಗಿಸಿರುವರೆಂದೂ, ಹಾಲು ಅದಕ್ಕೆ ಜೀರ್ಣವಾಗುವ ಆಹಾರವೇ ಅಲ್ಲವೆಂದೂ ನಮಗೆ ಯಾರೂ ಹೇಳಿರಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಕಾಲಕ್ರಮದಲ್ಲಿ ಪುಂಗಿಯ ಸದ್ದು ಅಡಗಿತು.

ಈಗಿನ ಹುಡುಗರ ಸಂತೆಯೇ ಬೇರೆ. ಅದು ಅವರ ಅಂಗೈಯಲ್ಲಿರುವ ಮೊಬೈಲಿನೊಳಗೆ ನಡೆಯುತ್ತದೆ. ಹನ್ನೆರಡು ವರ್ಷದ ನನ್ನ ಮೊಮ್ಮಗ ಅದರಲ್ಲಿ ಅಮೆರಿಕೆಯ ಜನರು ಹಾವು ಸಾಕುವುದನ್ನು ನೋಡಿದ್ದ. ಅಲ್ಲಿ ಮರಿಹಾವುಗಳನ್ನು ಕೊಂಡು ತಂದು ಗಾಜಿನ ಪೆಟ್ಟಿಗೆಯಲ್ಲಿ ಬೆಳೆಸುತ್ತಾರೆ. ಮನೆ ಬದಲಾಯಿಸುವಾಗಲೋ ರಜೆಗೆ ಹೋಗುವಾಗಲೋ ಮಕ್ಕಳ ಜೊತೆಗೆ ಹಾವನ್ನೂ ಕಾರಿಗೆ ಹತ್ತಿಸುತ್ತಾರೆ. ಹೊರಡುವ ಎರಡು ದಿನ ಮೊದಲೇ ಅದಕ್ಕೆ ಆಹಾರ ನಿಲ್ಲಿಸಬೇಕಂತೆ. ಇಲ್ಲದಿದ್ದರೆ ಅಲುಗಾಟಕ್ಕೆ ನುಂಗಿದ್ದನ್ನು ಕಕ್ಕುತ್ತದೆ. ಹತ್ತಿಬಟ್ಟೆಯ ದಿಂಬಿನ ಗವಸಿನಲ್ಲಿ ಅದನ್ನು ಬಿಟ್ಟು, ಬಾಯಿಗೆ ಗಂಟು ಹಾಕಿ, ಗವಸನ್ನು ಗಟ್ಟಿ ಪೆಟ್ಟಿಗೆಯಲ್ಲಿಡಬೇಕು. ಕತ್ತಲೆಯಲ್ಲಿ ಅದು ಸುಮ್ಮನೆ ಸುರುಳಿ ಸುತ್ತಿಕೊಂಡು ಮಲಗುತ್ತದೆ. ಇಷ್ಟೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಮೊಮ್ಮಗ, "ತಾತ, ನಾವೂ ಒಂದನ್ನು ಸಾಕೋಣವೇ?" ಎಂದ.

ಅಜ್ಜಿಯಿಂದ ಬಂದ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಕಾಯಿದೆಯ ಮಾತು ಹೇಳಿದೆ. ನಮ್ಮ ಕಾಡುಮೇಡುಗಳ ಹಾವನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ವನ್ಯಪ್ರಾಣಿಯೊಂದು ಕೈಗೆ ಬಂದರೆ 48 ಗಂಟೆಗಳೊಳಗಾಗಿ ಅಧಿಕಾರಿಗಳಿಗೆ ತಿಳಿಸಬೇಕು. ಹೊರದೇಶದ ಹಾವನ್ನು ಕದ್ದು ತರುವವರೂ ಇದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನುಗಳೂ 17 ಕಾಳಿಂಗಗಳೂ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದುವು. ಅವುಗಳ ಜೊತೆಗಿದ್ದ ಆರು ಕೋತಿಗಳು ಸತ್ತೇ ಹೋಗಿದ್ದುವು. 2024ರ ಏಪ್ರಿಲಿನಲ್ಲಿ ಮತ್ತೊಬ್ಬ ಪ್ರಯಾಣಿಕನ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಗಳು. ಯಾರದೋ ಮನೆಯ ಪಡಸಾಲೆಯ ಅಲಂಕಾರಕ್ಕಾಗಿ ಅವು ಉಸಿರು ಕಟ್ಟಿಕೊಂಡು ಸಮುದ್ರ ದಾಟಿದ್ದುವು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೋಡುವುದು ಮಾತ್ರ ತಪ್ಪಲ್ಲ, ಅಲ್ಲವೇ?" ಎಂದು ಕೇಳಿದ. ಆ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ.

ನೋಡುವ ಸಂದರ್ಭ ಬಂದುದು ಹೀಗೆ. ಗುಂಡ್ಲುಪೇಟೆಯ ಹೊರವಲಯದಲ್ಲಿ ನನ್ನ ತಂಗಿಯ ಮನೆಯಿದೆ. 2024ರ ಮೇ ತಿಂಗಳಲ್ಲಿ ಅವಳ ನೆರೆಯವರು ತಮ್ಮ ಹೊಲದಲ್ಲಿ ಮನೆ ಕಟ್ಟಿಸಲು ಮಣ್ಣಿನ ದಿಣ್ಣೆಯೊಂದನ್ನು ಯಂತ್ರದಿಂದ ಅಗೆಸಿದರು. ಅರ್ಧ ದಿಣ್ಣೆ ಕುಸಿಯುತ್ತಲೇ ಒಳಗಿನಿಂದ ದೊಡ್ಡದೊಂದು ನಾಗರಹಾವು ಹೆಡೆಯೆತ್ತಿತು. ಕೂಲಿಯವರು ಓಡಿದರು. ತಂಗಿ ನನಗೆ ಫೋನು ಮಾಡಿದಳು; ನಾನು ಶಿಷ್ಯನಿಗೆ ಮಾಡಿದೆ. ಅವನು ಹೋಗಿ, ಅರಣ್ಯ ಇಲಾಖೆಯವರ ಎದುರಿನಲ್ಲಿ ತಾಯಿಹಾವನ್ನು ಹಿಡಿದು, ಸ್ವಲ್ಪ ದೂರದ ಕಲ್ಲುಬದುವಿನ ಬಳಿ ಬಿಟ್ಟ. ಬಿಲದೊಳಗೆ 13 ಮೊಟ್ಟೆಗಳಿದ್ದುವು. ಅಲ್ಲಿಯೇ ಬಿಟ್ಟರೆ ಬಿಸಿಲಿಗೆ ಒಣಗುವುವು, ಇಲ್ಲವೇ ಯಂತ್ರದ ಬಾಯಿಗೆ ಬೀಳುವುವು. ಇಲಾಖೆಯವರ ಒಪ್ಪಿಗೆ ಪಡೆದು ಅವನ್ನು ಚಾಮರಾಜನಗರಕ್ಕೆ ತಂದ.

ಹಾವಿನ ಮೊಟ್ಟೆ ಕೋಳಿಮೊಟ್ಟೆಯಂತಲ್ಲ. ಅದರ ಚಿಪ್ಪು ತೊಗಲಿನಂತೆ ಮೆತ್ತಗೆ. ಕೋಳಿ ತನ್ನ ಮೊಟ್ಟೆಗಳನ್ನು ಮತ್ತೆ ಮತ್ತೆ ಹೊರಳಿಸುತ್ತದೆ. ಹಾವಿನ ಮೊಟ್ಟೆಯನ್ನು ಹೊರಳಿಸಿದರೆ ಒಳಗಿನ ಜೀವ ಸಾಯಬಹುದು. ಅದಕ್ಕಾಗಿ ಅವನು ತೆಗೆಯುವ ಮೊದಲೇ ಪ್ರತಿಯೊಂದರ ನೆತ್ತಿಗೂ ಪೆನ್ಸಿಲಿನಿಂದ ಗುರುತು ಹಾಕಿದ್ದ. ಒದ್ದೆ ತೆಂಗಿನ ನಾರಿನ ಹುಡಿ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಗುರುತು ಮೇಲಾಗಿರುವಂತೆ, ಅವನ್ನು ಜೋಡಿಸಿದ. ದಿನಕ್ಕೆರಡು ಬಾರಿ ಉಷ್ಣಮಾಪಕ ನೋಡುವನು. ಸುಮಾರು ಎರಡು ತಿಂಗಳು ಕಳೆದ ಮೇಲೆ, ಜುಲೈ ತಿಂಗಳಲ್ಲಿ, ಮರಿಗಳು ಮೂತಿಯ ತುದಿಯ ಪುಟ್ಟ ಹಲ್ಲಿನಿಂದ ಚಿಪ್ಪನ್ನು ಸೀಳಿ ತಲೆ ಹೊರಗಿಟ್ಟುವು. ಎರಡು ಮೊಟ್ಟೆ ಕೆಟ್ಟುಹೋಗಿದ್ದುವು. ಹನ್ನೊಂದು ಉಳಿದುವು. ಗೇಣಿಗಿಂತ ಸ್ವಲ್ಪ ಉದ್ದ, ಪೆನ್ಸಿಲಿನಷ್ಟು ದಪ್ಪ. ಆದರೆ ಮುಟ್ಟಹೋದರೆ ಹೆಬ್ಬೆರಳಗಲದ ಹೆಡೆ ಎತ್ತುತ್ತಿದ್ದುವು.

"ಮರಿಗೆ ವಿಷ ಇರುತ್ತದೆಯೇ?" ಎಂದು ನನ್ನ ಶ್ರೀಮತಿ ಕೇಳಿದಳು.

"ಹುಟ್ಟಿದ ಕ್ಷಣದಿಂದ ಇರುತ್ತೆ ಅಮ್ಮ. ದೊಡ್ಡದಕ್ಕಿಂತ ಮರಿಯೇ ಅಪಾಯ ಅಂತ ಜನ ಹೇಳ್ತಾರೆ, ಅದು ಸುಳ್ಳು. ಮರಿಯಲ್ಲಿ ವಿಷದ ಪ್ರಮಾಣ ಕಡಿಮೆ. ಆದರೂ ಆಟಕ್ಕಲ್ಲ," ಎಂದ ಶಿಷ್ಯ.

ಅವುಗಳನ್ನು ಗುಂಡ್ಲುಪೇಟೆಗೇ ಕೊಂಡೊಯ್ಯಬೇಕೆಂಬುದು ಅವನ ಹಟ. ಚಾಮರಾಜನಗರದ ಸುತ್ತ ಕರಿವರದರಾಜನ ಬೆಟ್ಟವಿಲ್ಲವೇ, ಅಲ್ಲಿ ಬಿಟ್ಟರಾಗದೇ ಎಂದು ನಾನು ಕೇಳಿದೆ. ಅವನು ಆಗುಂಬೆಯ ಕಥೆ ಹೇಳಿದ. ಅಲ್ಲಿನ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಿಂದ ಕಾಳಿಂಗಗಳ ಮೈಯಲ್ಲಿ ರೇಡಿಯೋ ಯಂತ್ರವಿರಿಸಿ ಅವುಗಳ ಬೆನ್ನು ಹತ್ತಿದರು. ಸ್ವಂತ ನೆಲದಲ್ಲಿದ್ದ ಹಾವು ತನ್ನ ಎಲ್ಲೆಯೊಳಗೆ ಓಡಾಡಿಕೊಂಡಿತ್ತು. ದೂರ ಸಾಗಿಸಿ ಬಿಟ್ಟ ಹಾವು ದಿಕ್ಕುಗೆಟ್ಟು ಬಹುದೂರ ಅಲೆಯಿತು. ಅಲೆಯುವ ಹಾವಿಗೆ ರಸ್ತೆ ಸಿಗುತ್ತದೆ, ರಸ್ತೆಯ ಮೇಲೆ ಚಕ್ರ ಸಿಗುತ್ತದೆ. ಬಂಡೀಪುರದೊಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳನ್ನು 2009ರಿಂದ ತಡೆದಿರುವುದಕ್ಕೆ ಇಂತಹ ಸಾವುಗಳೂ ಒಂದು ಕಾರಣ. ಆದುದರಿಂದ ಮೊಟ್ಟೆ ಸಿಕ್ಕಿದ ನೆಲಕ್ಕೇ ಮರಿ ಹೋಗಬೇಕು. ಅದೂ ಬೇಗ ಹೋಗಬೇಕು. ಒಂದು ವಾರದ ತನಕ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ಅಂಶ ಇರುತ್ತದೆ. ಮೊದಲನೆಯ ಪೊರೆ ಕಳಚಿದ ಮೇಲೆ ಹಸಿವು ಆರಂಭ. ಅಷ್ಟರೊಳಗೆ ಅವು ತಮ್ಮ ಅನ್ನವನ್ನು ತಾವು ಹುಡುಕುವಂತಾಗಬೇಕು. "ಮೇಷ್ಟ್ರೇ, ಮಳೆ ಜಿಟಿಜಿಟಿ ಹಿಡಿದಿದೆ. ಸ್ಕೂಟರಿನಲ್ಲಿ ಆಗಲ್ಲ. ನಿಮ್ಮ ಕಾರು..." ಎಂದು ತಲೆ ಕೆರೆದುಕೊಂಡ.

ನಾನು ಒಪ್ಪಿದೆ. ಆದರೆ ಒಪ್ಪಿಗೆ ಬೇಕಾದುದು ನನ್ನದಲ್ಲ. ನಮ್ಮ ತಾಯಿಯದು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೆರಕಣಾಂಬಿಯ ಸಮೀಪದ ಹಳ್ಳಿ ನಮ್ಮ ಮೂಲ ಊರು. 1966ರಲ್ಲಿ ನನಗೆ ಒಂಬತ್ತು ವರ್ಷ. ನನ್ನ ತಮ್ಮನಿಗೆ ಆರು. ಕಾರ್ತೀಕಮಾಸದ ಒಂದು ಸಂಜೆ ಹೊಲದಿಂದ ಬರುವಾಗ ಅವನ ಕಾಲಿಗೆ 'ಹುಳ ಮುಟ್ಟಿತು'. ನಮ್ಮ ಕಡೆ ಹಾವು ಕಚ್ಚಿತೆಂದು ಹೇಳುವುದಿಲ್ಲ, ಹುಳ ಮುಟ್ಟಿತೆನ್ನುತ್ತಾರೆ. ಮಂತ್ರ ಹಾಕುವವನ ಬಳಿಗೆ ಎತ್ತಿಕೊಂಡು ಹೋದರು. ಅವನು ಬೇವಿನ ಸೊಪ್ಪಿನಿಂದ ನಿವಾಳಿಸಿದ; ಮೆಣಸು ತಿನ್ನಿಸಿ ಖಾರವಾಗುತ್ತದೆಯೇ ಎಂದು ಕೇಳಿದ. ತಮ್ಮನ ರೆಪ್ಪೆಗಳು ಮೆಲ್ಲಮೆಲ್ಲನೆ ಇಳಿಬಿದ್ದುವು. ನಿದ್ದೆ ಬರುತ್ತಿದೆ ಎಂದ. ನಿದ್ದೆಯಲ್ಲ ಅದು, ನಾಗರನ ವಿಷ ನರಗಳನ್ನು ಹಿಡಿದಾಗ ಮೊದಲು ರೆಪ್ಪೆ ಬೀಳುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ ಎಂಬುದನ್ನು ನಾನು ಎಷ್ಟೋ ವರ್ಷಗಳ ಮೇಲೆ ಪುಸ್ತಕದಲ್ಲಿ ಓದಿದೆ. ಆ ವಿಷಕ್ಕೆ ಮದ್ದು ನಮ್ಮ ದೇಶದಲ್ಲಿ ಆಗಲೇ ತಯಾರಾಗುತ್ತಿತ್ತು. ಆದರೆ ಆ ಮದ್ದಿಗೂ ನಮ್ಮ ಹಳ್ಳಿಗೂ ನಡುವೆ ಒಂದು ರಾತ್ರಿಯಷ್ಟು ಎತ್ತಿನಗಾಡಿಯ ಹಾದಿ ಇತ್ತು. ಗಾಡಿ ಕಟ್ಟುವ ಹೊತ್ತಿಗೆ ಎಲ್ಲವೂ ಮುಗಿದಿತ್ತು.

ಅಂದಿನಿಂದ ನಮ್ಮ ತಾಯಿ ನಾಗರಕಲ್ಲಿಗೆ ತನಿ ಎರೆಯಲಿಲ್ಲ. ಪಂಚಮಿ ಬರಲಿ, ಷಷ್ಠಿ ಬರಲಿ, ಊರ ಹೆಂಗಸರೆಲ್ಲ ಹಾಲಿನ ಚೆಂಬು ಹಿಡಿದು ಹುತ್ತದ ಬಳಿಗೆ ಹೊರಟರೆ, ಅವರು ಬಾಗಿಲು ಮುಂದೆ ಮಾಡಿಕೊಂಡು ರಾಗಿ ಬೀಸುತ್ತ ಕುಳಿತಿರುತ್ತಿದ್ದರು. ಹಾವು ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುತ್ತದೆಂದು ಜನರ ನಂಬಿಕೆ. ಹಾವಿಗೆ ಅಷ್ಟು ನೆನಪಿನ ಶಕ್ತಿಯಿಲ್ಲ. ನಮ್ಮ ತಾಯಿಗೆ ಇತ್ತು. ಅವರದು ಐವತ್ತೆಂಟು ವರ್ಷದ ಹಗೆ.

ನಾನು ಅವರ ಬಳಿ ಕುಳಿತು ಇದ್ದುದನ್ನು ಇದ್ದಂತೆ ಹೇಳಿದೆ. ಎಂಬತ್ತಾರು ವರ್ಷದ ಜೀವ. ಕಿವಿ ಚೆನ್ನಾಗಿಯೇ ಇದೆ. ಬಹಳ ಹೊತ್ತು ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದರು. ಕೊನೆಗೆ, "ಯಾವತ್ತು ಹೊರಡಾದು?" ಎಂದರು.

"ಭಾನುವಾರ."

"ನಾನೂ ಬತ್ತೀನಿ. ಮಗಳ ಮನ ನೋಡಿ ಬಾಳ ದಿವ್ಸ ಆಯ್ತು."

ಮಗಳ ಮನೆಯ ನೆಪ ನಮಗೆಲ್ಲ ಅರ್ಥವಾಯಿತು. ಯಾರೂ ಮಾತನಾಡಲಿಲ್ಲ.

ಭಾನುವಾರ ಮಧ್ಯಾಹ್ನ ಶಿಷ್ಯ ಪೆಟ್ಟಿಗೆಯೊಂದಿಗೆ ಬಂದ. ಒಂದೊಂದು ಮರಿಯೂ ಒಂದೊಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒದ್ದೆ ಮಾಡಿ ಹಿಂಡಿದ ಕಾಗದದ ಮೇಲೆ. ಮುಚ್ಚಳದಲ್ಲಿ ಕಾದ ಸೂಜಿಯಿಂದ ಕೊರೆದ ರಂಧ್ರಗಳು, ಸುತ್ತಲೂ ಅಂಟುಪಟ್ಟಿ. ಹನ್ನೊಂದು ಡಬ್ಬಿಗಳೂ ಒಂದು ಥರ್ಮೋಕೋಲ್ ಪೆಟ್ಟಿಗೆಯೊಳಗೆ. ಪೆಟ್ಟಿಗೆಯ ಮೇಲೆ ಕೆಂಪು ಅಕ್ಷರದಲ್ಲಿ 'ವಿಷದ ಹಾವು, ಮುಟ್ಟಬೇಡಿ' ಎಂದು ಬರೆದಿತ್ತು. ನನ್ನ ಶ್ರೀಮತಿ ಬಗ್ಗಿ ನೋಡಿ, "ರೀ, ಇವು ಮೈಸೂರುಪಾಕಿನ ಡಬ್ಬಿಗಳಲ್ಲವೇ? ಹೋದ ದೀಪಾವಳಿಗೆ ನಾನೇ ಕೊಟ್ಟದ್ದು!" ಎಂದು ಉದ್ಗರಿಸಿದಳು. ಆ ಡಬ್ಬಿಗಳು ಮತ್ತೆ ನಮ್ಮ ಅಡಿಗೆಮನೆಗೆ ಬರಬಾರದೆಂದು ಅಲ್ಲಿಯೇ ತೀರ್ಮಾನವಾಯಿತು.

ಪೆಟ್ಟಿಗೆ ಎಲ್ಲಿ ಕೂರಬೇಕೆಂಬುದು ಮುಂದಿನ ಪ್ರಶ್ನೆ. ಡಿಕ್ಕಿಯಲ್ಲಿ ಗಾಳಿಯಿಲ್ಲ, ಬಿಸಿಲು ಬಿದ್ದರೆ ಒಲೆಯಾಗುತ್ತದೆ. ಹಾವಿನದು ನಮ್ಮಂತೆ ಬಿಸಿರಕ್ತವಲ್ಲ. ಹೊರಗಿನ ಶಾಖವೇ ಅದರ ಶಾಖ. ಚಳಿಯಂತ್ರದ ಗಾಳಿ ನೇರವಾಗಿ ತಾಗಿದರೆ ಮಂಕಾಗುತ್ತದೆ. ನಲವತ್ತು ಡಿಗ್ರಿ ದಾಟಿದರೆ ಬದುಕುವುದೇ ಕಷ್ಟ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿ, ಅರ್ಧ ಗಂಟೆಯಲ್ಲಿ ಇಪ್ಪತ್ತರ ಸಮೀಪ ಶಾಖ ಏರುವುದುಂಟು. ಅದಕ್ಕಾಗಿ ಶಿಷ್ಯನು ಮುಂದಿನ ಸೀಟಿನಲ್ಲಿ ಕುಳಿತು ಪೆಟ್ಟಿಗೆಯನ್ನು ಕಾಲುಗಳ ನಡುವೆ ಇರಿಸಿಕೊಂಡ. ಹಿಂದೆ ನಮ್ಮ ತಾಯಿ, ನನ್ನ ಶ್ರೀಮತಿ, ಇಬ್ಬರ ನಡುವೆ ಮೊಮ್ಮಗ. ಶ್ರೀಮತಿ ಪ್ರಯಾಣದುದ್ದಕ್ಕೂ ಕಾಲುಗಳನ್ನು ನೆಲಕ್ಕೆ ಊರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು.

ಊರು ದಾಟುವಾಗ ಪೊಲೀಸರೊಬ್ಬರು ವಾಹನ ತಪಾಸಣೆಗೆ ಕೈ ಅಡ್ಡ ಹಿಡಿದರು. "ಪೆಟ್ಟಿಗೆಯಲ್ಲಿ ಏನು?" ಎಂದರು. ಶಿಷ್ಯನು ವಿನಯದಿಂದ, "ನಾಗರಮರಿ ಸಾರ್, ಹನ್ನೊಂದು. ಅರಣ್ಯ ಇಲಾಖೆಯವರಿಗೆ ತಿಳಿಸಿದ್ದೀವಿ. ನೋಡ್ತೀರಾ?" ಎಂದ. ನನ್ನ ಐವತ್ತು ವರ್ಷದ ಅನುಭವದಲ್ಲಿ ಯಾವ ತಪಾಸಣೆಯೂ ಅಷ್ಟು ಶೀಘ್ರವಾಗಿ ಮುಗಿದುದಿಲ್ಲ.

ಜುಲೈ ತಿಂಗಳಲ್ಲಿ ಆ ದಾರಿ ನೋಡತಕ್ಕದ್ದು. ಎರಡು ಕಡೆಯೂ ಅರಿಶಿನದ ಹಸುರು, ಈರುಳ್ಳಿಯ ಪಾತಿ. ಗುಂಡ್ಲುಪೇಟೆ ಹತ್ತಿರವಾದಂತೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ದೂರದಲ್ಲಿ ಮೋಡ ಹೊದ್ದ ಗೋಪಾಲಸ್ವಾಮಿ ಬೆಟ್ಟ. ಹೂವಿನ ಹೊಲದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಲು ಬೆಂಗಳೂರಿನಿಂದಲೂ ಕಾರುಗಳು ಬರುತ್ತವೆ. ನಮ್ಮ ಕಾರು ಮಾತ್ರ ಎಲ್ಲಿಯೂ ನಿಲ್ಲದೆ ನಲವತ್ತರ ವೇಗದಲ್ಲಿ ಸಾಗಿತು. ಹಾವಿಗೆ ಹೊರಗಿವಿ ಇಲ್ಲ. ಆದರೆ ನೆಲದ ಕಂಪನ ದವಡೆಯ ಮೂಳೆಯ ಮೂಲಕ ಅದಕ್ಕೆ ತಿಳಿಯುತ್ತದೆ. ಒಂದೊಂದು ಗುಂಡಿಯೂ ಅದಕ್ಕೆ ಒಂದೊಂದು ಸಿಡಿಲು. ಹೀಗೆಂದು ಶಿಷ್ಯ ಹೇಳಿದ ಮೇಲೆ ನಾನು ಗುಂಡಿಗಳನ್ನು ಬಳಸಿ ಬಳಸಿ ಓಡಿಸಿದೆ. ನನ್ನ ಬೆನ್ನುನೋವಿಗಾಗಿ ಅಷ್ಟು ಜಾಗ್ರತೆಯಾಗಿ ಎಂದೂ ಓಡಿಸಿರಲಿಲ್ಲವೆಂದು ಶ್ರೀಮತಿಯ ಅಭಿಪ್ರಾಯ.

ತೆರಕಣಾಂಬಿ ಇನ್ನೇನು ಬಂದಿತೆನ್ನುವಾಗ ಹಿಂದಿನ ಚಕ್ರ ಉಸ್ಸೆಂದಿತು. ಶ್ರೀಮತಿ ಕಿಟ್ಟನೆ ಕಿರುಚಿದಳು. ಆದುದು ಪಂಕ್ಚರು ಎಂದು ತಿಳಿದಾಗ ಅವಳಿಗಾದಷ್ಟು ಸಂತೋಷ ಪಂಕ್ಚರಿನಿಂದ ಇನ್ನಾರಿಗೂ ಆಗಿರಲಾರದು. ಅದೇ ಸಮಯಕ್ಕೆ ಮೋಡ ಸರಿದು ಬಿಸಿಲು ಬಿದ್ದಿತು. ಚಕ್ರ ಬದಲಾಯಿಸಲು ಎಲ್ಲರೂ ಇಳಿಯಬೇಕು. ಪೆಟ್ಟಿಗೆ ಕಾರಿನಲ್ಲಿರುವ ಹಾಗಿಲ್ಲ. ರಸ್ತೆಯ ಪಕ್ಕದ ಹುಣಿಸೆಮರದ ನೆರಳಿನಲ್ಲಿ ಚಪ್ಪಡಿಯೊಂದಿತ್ತು. ಪೆಟ್ಟಿಗೆಯನ್ನು ಅದರ ಮೇಲಿರಿಸಿ, ಪಕ್ಕದಲ್ಲಿ ತಾಯಿಯನ್ನು ಕೂರಿಸಿ, ನಾನೂ ಶಿಷ್ಯನೂ ಜ್ಯಾಕು ಹಿಡಿದೆವು.

ನಮ್ಮ ನಾಡಿನಲ್ಲಿ ಕೆಟ್ಟು ನಿಂತ ಕಾರಿನ ಸುತ್ತ ಜನ ಸೇರುವುದಕ್ಕೆ ಐದು ನಿಮಿಷ ಸಾಕು. ಅದರ ಜೊತೆಗೆ ಕೆಂಪು ಅಕ್ಷರದ ಪೆಟ್ಟಿಗೆ. ಶಾಲೆಗೆ ಹೋಗುವ ಹುಡುಗನೊಬ್ಬ ಗಟ್ಟಿಯಾಗಿ ಓದಿದ. ಗುಂಪು ಮೊದಲು ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಆಮೇಲೆ ಆರು ಹೆಜ್ಜೆ ಮುಂದೆ ಬಂದಿತು. ಒಬ್ಬಾಕೆ ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆದು ಒಂದು ನಾಣ್ಯವನ್ನು ಪೆಟ್ಟಿಗೆಯ ಮೇಲಿಟ್ಟು ಕೈಮುಗಿದಳು. ಅವಳ ಹಿಂದೆಯೇ ನಡುವಯಸ್ಸಿನವನೊಬ್ಬ ದನ ಕಾಯುವ ಕೋಲು ಹಿಡಿದು ನುಗ್ಗಿ ಬಂದ.

"ಹನ್ನೊಂದು ನಾಗರಮರಿನ ತಂದು ಊರ ಬಾಗಲ್ಗ ಮಡುಗಿದ್ದೀರಲ್ಲಪ್ಪ! ಬೆಳುದ್ರ ಯಾರ ಮನ ಹಾಳಾಯ್ತದೋ. ಒಂದು ಬೆಂಕಿಕಡ್ಡಿ ಗೀರುದ್ರ ಇಲ್ಲೇ ಮುಗುದೋಯ್ತದ!"

ಇನ್ನಿಬ್ಬರು ಅವನ ಮಾತಿಗೆ ತಲೆದೂಗಿದರು. ಶಿಷ್ಯನು ಜ್ಯಾಕು ಬಿಟ್ಟು ಎದ್ದ. ಕಾಯಿದೆಯ ಮಾತು ಎತ್ತಿದ. ಅದು ಅವರ ಕೋಪವನ್ನು ಹೆಚ್ಚಿಸಿತೇ ಹೊರತು ತಗ್ಗಿಸಲಿಲ್ಲ. ಆ ಮನುಷ್ಯನ ಕೋಪದಲ್ಲಿ ಸುಳ್ಳಿರಲಿಲ್ಲವೆಂಬುದನ್ನೂ ಹೇಳಬೇಕು. ಹಿಂದಿನ ವರ್ಷ ಅವನ ಹಟ್ಟಿಯ ಹಸುವೊಂದು ಹಾವಿನಿಂದ ಸತ್ತಿತ್ತಂತೆ. ದೇಶದ ಲೆಕ್ಕವನ್ನೂ ನಾವು ಮರೆಯುವ ಹಾಗಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ, ಅಂದರೆ ವರ್ಷಕ್ಕೆ ಸರಾಸರಿ 58,000, ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಪಟ್ಟಣದಲ್ಲಿ ಕುಳಿತು ಹಾವಿನ ಮೇಲೆ ಕರುಣೆ ತೋರುವುದು ಸುಲಭ. ಕತ್ತಲೆಯಲ್ಲಿ ಗದ್ದೆಗೆ ನೀರು ಕಟ್ಟುವವನ ಕಾಲು ಬರಿಗಾಲು.

ಆಗ ನಮ್ಮ ತಾಯಿ ಬಾಯಿ ತೆರೆದರು. ದನಿ ಎತ್ತರಿಸಲಿಲ್ಲ.

"ಲೋ ಮಗ, ಇಲ್ಲಿ ಬಾ. ಇದೇ ಸೀಮಲಿ ನನ್ನ ಕೂಸ ತಿಂದ ಜಾತಿ ಇದು. ಆರು ವರ್ಸದ ಕೂಸು. ಹೊಡೆಯಾಕ ಹಕ್ಕು ಅನ್ನಾದು ಇದ್ರ ಮೊದ್ಲು ನನಗ ಇರಬೇಕು, ನಿನಗಲ್ಲ. ನಾನೇ ಪಕ್ಕದಲಿ ಸುಮ್ಮನ ಕುಂತಿವ್ನಿ. ನೀ ಯಾಕ ಎಗರಾಡಿಯೆ?"

ಕೋಲು ಕೆಳಗಿಳಿಯಿತು. ತಾಯಿ ಕೈಮುಗಿದು ನಿಂತಿದ್ದವಳ ಕಡೆ ತಿರುಗಿದರು. "ನೀನೂ ಕಾಸ ತಕ್ಕವ್ವ. ಅದು ದೇವ್ರೂ ಅಲ್ಲ, ದೆವ್ವನೂ ಅಲ್ಲ. ಹುಳ. ಅದರ ಪಾಡಿಗ ಅದು ಹೊಂಟದ."

ಆಮೇಲೆ ಶಿಷ್ಯನಿಗೆ, "ಒಂದ ತೋರ್ಸು ಮಗ, ನೋಡ್ತೀನಿ" ಎಂದರು. ಅವನು ಒಂದು ಡಬ್ಬಿಯನ್ನು ತೆಗೆದು ಮುಚ್ಚಳ ತೆರೆಯದೆ ಅವರ ಮುಂದೆ ಹಿಡಿದ. ಮರಿ ತಲೆಯೆತ್ತಿ ಹೆಡೆ ಬಿಚ್ಚಿತು. ತಾಯಿ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

"ಇವುಕ ತಾಯಿ ಹುಡುಕಾಕಿಲ್ವಾ?"

"ಇಲ್ಲ ಅವ್ವಾ. ಮೊಟ್ಟೆ ಇರೋ ತನಕ ಕಾಯ್ತದೆ. ಮರಿ ಆಚೆ ಬಂದ ಮೇಲೆ ತಾಯಿ ಯಾರೋ ಮರಿ ಯಾರೋ."

"ಪುಣ್ಯವಂತರು," ಎಂದರು ನಮ್ಮ ತಾಯಿ. ಯಾರನ್ನು ಕುರಿತು ಹೇಳಿದರೋ ನಾನು ಕೇಳಲಿಲ್ಲ. ಚಕ್ರ ಕಟ್ಟಿಯಾಗಿತ್ತು. ಕೋಲು ಹಿಡಿದು ಬಂದವನೇ ನಮ್ಮ ಕಾರನ್ನು ಹಿಂದಿನಿಂದ ರಸ್ತೆಗೆ ತಳ್ಳಿಕೊಟ್ಟ.

ಗುಂಡ್ಲುಪೇಟೆ ಸೇರಿದಾಗ ಸಂಜೆ ಐದು. ಅರಣ್ಯ ರಕ್ಷಕರು ತಂಗಿಯ ಮನೆಯ ಬಳಿ ಕಾದಿದ್ದರು. ಮರಿಗಳನ್ನು ಎಣಿಸಿ ಬರೆದುಕೊಂಡರು. ಮನೆಗಳಿಂದ ದೂರವಾಗಿ, ಆದರೆ ಮೊಟ್ಟೆ ಸಿಕ್ಕಿದ ದಿಣ್ಣೆಗೆ ಒಂದು ಕಿಲೋಮೀಟರಿನೊಳಗೇ, ಕಲ್ಲುಬದು, ಲಂಟಾನದ ಪೊದೆ, ಹಳೆಯ ಹುತ್ತಗಳಿದ್ದ ಕಾಡಂಚಿನ ಜಾಗವನ್ನು ಅವರು ಮೊದಲೇ ನೋಡಿದ್ದರು. ಹದ್ದುಗಳು ಗೂಡಿಗೆ ಹೋಗುವ ಹೊತ್ತು ಬರಲೆಂದು ಕಾದೆವು. ಆಮೇಲೆ ಶಿಷ್ಯನು ಒಂದೊಂದೇ ಡಬ್ಬಿಯನ್ನು ಒಂದೊಂದು ಪೊದೆಯ ಬುಡದಲ್ಲಿ ಓರೆಯಾಗಿರಿಸಿ ಕೋಲಿನಿಂದ ಮುಚ್ಚಳ ಸರಿಸಿದ. ಕೆಲವು ತಟ್ಟನೆ ಹೋದುವು. ಒಂದು ಮಾತ್ರ ಡಬ್ಬಿಯ ಅಂಚಿನ ಮೇಲೆ ತಲೆಯಿಟ್ಟು, ಸೀಳುನಾಲಗೆಯಿಂದ ಗಾಳಿಯನ್ನು ನೆಕ್ಕಿ ನೆಕ್ಕಿ ನೋಡಿ, ಐದು ನಿಮಿಷ ಯೋಚಿಸಿ, ಒಣಗಿದೆಲೆಗಳ ನಡುವೆ ಇಳಿಯಿತು. ಮೊಮ್ಮಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅದು ಕಣ್ಮರೆಯಾದ ಮೇಲೆ, "ತಾತ, ಸಾಕಿದ್ದರೆ ಇದನ್ನು ನೋಡುವುದಕ್ಕೆ ಆಗುತ್ತಲೇ ಇರಲಿಲ್ಲ" ಎಂದ. ಕಾಯಿದೆಯ ಪುಸ್ತಕದಿಂದ ಆಗದ ಕೆಲಸವನ್ನು ಆ ಒಣಗಿದೆಲೆಗಳು ಮಾಡಿದ್ದುವು.

ತಂಗಿಯ ನೆರೆಯವರಿಗೆ ಸಮಾಧಾನವಿರಲಿಲ್ಲ. "ಹನ್ನೊಂದು ನಾಗರನ್ನ ನಮ್ಮ ನೆತ್ತಿಮ್ಯಾಲ ಬುಟ್ಟುಬುಟ್ರಲ್ಲ!" ಎಂದರು. ಅರಣ್ಯ ರಕ್ಷಕರು ನಕ್ಕು, ಹನ್ನೊಂದರಲ್ಲಿ ಒಂದೋ ಎರಡೋ ದೊಡ್ಡದಾದರೆ ಹೆಚ್ಚೆಂದರು. ಮುಂಗುಸಿ, ನವಿಲು, ಉಡ, ಹದ್ದು, ಕೊನೆಗೆ ಬೇರೆ ಹಾವುಗಳಿಗೂ ಅವು ತುತ್ತು. ಉಳಿದುವು ಅವರ ಹೊಲದ ಇಲಿಗಳನ್ನು ತಿನ್ನುತ್ತವೆ. ರಾತ್ರಿ ಹೊರಗೆ ಕಾಲಿಡುವಾಗ ಬ್ಯಾಟರಿ ಇರಲಿ, ನೆಲದ ಮೇಲೆ ಮಲಗಬೇಡಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿಗೆ ಸೇರಿಸಿ, ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರಕ್ಕೆ ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗಿ ಎಂದು ಹೇಳಿದರು. ಹಾವು ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕದಲ್ಲಿ 2024ರ ಫೆಬ್ರವರಿಯಲ್ಲಿ ಆಜ್ಞೆಯಾಗಿತ್ತು. ನಮ್ಮ ತಾಯಿ ಈ ಮಾತುಗಳನ್ನೆಲ್ಲ ಜಗುಲಿಯ ಮೇಲೆ ಕುಳಿತು ಕೇಳುತ್ತಿದ್ದರು. ಆಸ್ಪತ್ರೆ ಈಗ ಎಷ್ಟು ದೂರವೆಂದು ಕೇಳಿದರು. ಮೋಟಾರು ಇದ್ದರೆ ಹತ್ತು ನಿಮಿಷ ಎಂದು ತಂಗಿ ಹೇಳಿದಳು. "ಹತ್ತು ನಿಮ್ಸ" ಎಂದು ತಮ್ಮಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡರು.

ಮುಂದಿನ ತಿಂಗಳು, ಆಗಸ್ಟ್ 9ರಂದು, ನಾಗರಪಂಚಮಿ ಬಂದಿತು. ನೆರೆಮನೆಯವರು ಹಾಲಿನ ಚೆಂಬು ಹಿಡಿದು ಹೊರಟರು. ನಮ್ಮ ತಾಯಿ ಎಂದಿನಂತೆ ಹೋಗಲಿಲ್ಲ. ಆದರೆ ಎಂದಿನಂತೆ ಬಾಗಿಲನ್ನೂ ಮುಂದೆ ಮಾಡಿಕೊಳ್ಳಲಿಲ್ಲ. ನನ್ನನ್ನು ಕರೆದು ಸೆರಗಿನ ಗಂಟು ಬಿಚ್ಚಿ, ತಮ್ಮ ಪಿಂಚಣಿಯ ಹಣದಲ್ಲಿ ಉಳಿಸಿದ್ದ ನೋಟುಗಳನ್ನು ಎಣಿಸಿಕೊಟ್ಟರು. ತಂಗಿಯ ಹೊಲಕ್ಕೆ ಬರುವ ಕೂಲಿಯ ಮನೆಗಳು ಏಳಂತೆ. ಮನೆಗೊಂದರಂತೆ ಒಳ್ಳೆಯ ಬ್ಯಾಟರಿ ತೆಗೆದುಕೊಡಬೇಕೆಂದರು.

ಏಳು ಬ್ಯಾಟರಿಗಳಿಗೆ ಆ ಹಣ ಸಾಲಲಿಲ್ಲ. ಕಡಿಮೆ ಬಿದ್ದುದನ್ನು ನಾನು ಸೇರಿಸಿದೆ. ಅಂಗಡಿಯವನು ಒಂದೊಂದನ್ನೂ ಹೊತ್ತಿಸಿ ತೋರಿಸಿ, ಕಾಗದ ಸುತ್ತಿ ಕೊಟ್ಟ. ಮರುದಿನದ ಬಸ್ಸಿನಲ್ಲಿ ಅವು ಗುಂಡ್ಲುಪೇಟೆಗೆ ಹೋದುವು.